ಹರಾಜಾದ ಜಮೀನು ಬಿಡಿಸಿಕೊಳ್ಳಲು ಎಷ್ಟು ದಿನ? ಒಂದು ಗಡುವಿನ ಹಿನ್ನೆಲೆ

ಸಾಲ ತೀರಿಸಲಾಗದವನ ಜಮೀನನ್ನು ಸಿವಿಲ್ ಕೋರ್ಟು ಹರಾಜು ಹಾಕಿದರೂ ಮಾರಾಟ ಖಾಯಂ ಆಗುವ ಮೊದಲು, ಗಡುವಿನೊಳಗೆ ಹಣ ಕಟ್ಟಿ ಬಿಡಿಸಿಕೊಳ್ಳಲು ಅವಕಾಶವಿದೆ. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಿರಲಿಲ್ಲ. ಹರಾಜು ರದ್ದಾಗಬೇಕಾದರೆ ಅದನ್ನು ನಡೆಸಿದ್ದರಲ್ಲೇ ಲೋಪವಾಗಿ, ಅದರಿಂದ ನಷ್ಟವೂ ಆಗಿದೆಯೆಂದು ರುಜುವಾತು ಮಾಡಬೇಕಿತ್ತು. ಡಂಗುರ ಸಾರಲಿಲ್ಲ, ಚಕ್ಕುಬಂದಿ ತಪ್ಪು ಬರೆದರು ಎಂಬಂಥ ತಕರಾರು ಹುಡುಕುವುದೇ ದಾರಿ. ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಬಂದದ್ದು 1894ರಲ್ಲಿ. ಈಗ ಅದು 1908ರ ಸಂಹಿತೆಯ 21ನೇ ಆದೇಶದ 89ನೇ ನಿಯಮ.

12 ಲಕ್ಷದ ಬಾಕಿಗೆ ಜಮೀನು 20 ಲಕ್ಷಕ್ಕೆ ಹೋಯಿತೆನ್ನಿ. ಸವಾಲು ಹಿಡಿದವನು ಅಲ್ಲೇ ಕಾಲುಭಾಗ, ಅಂದರೆ 5 ಲಕ್ಷ ಕಟ್ಟಬೇಕು. ಉಳಿದದ್ದನ್ನು 15 ದಿನದೊಳಗೆ. ಈ ಗಡುವು ತಪ್ಪಿದರೆ ಹರಾಜೇ ಶೂನ್ಯ ಎಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ. ಸಾಲಗಾರ ಕಟ್ಟಬೇಕಾದದ್ದು ಹರಾಜು ಪ್ರಕಟಣೆಯಲ್ಲಿ ತೋರಿಸಿದ 12 ಲಕ್ಷ ಮತ್ತು ಹರಾಜು ಬೆಲೆಯ ಶೇ. 5, ಅಂದರೆ 1 ಲಕ್ಷ. ಈ ಲಕ್ಷ ಖರೀದಿದಾರನಿಗೆ ಸೇರುತ್ತದೆ. ಶೇ. 5 ಅನ್ನು ಬಾಕಿಯ ಮೇಲೆ ಲೆಕ್ಕ ಹಾಕಿ 60,000 ಕಟ್ಟಿದರೆ ಅರ್ಜಿ ನಿಲ್ಲುವುದಿಲ್ಲ. ಲೋಪದ ಮೇಲೆ 90ನೇ ನಿಯಮದಡಿ ಅರ್ಜಿ ಹಾಕಿದ್ದರೆ ಅದನ್ನು ಮೊದಲು ಹಿಂದಕ್ಕೆ ಪಡೆಯಬೇಕು.

ಗೊಂದಲ ಹುಟ್ಟಿಸಿದ್ದು ಸಂಸತ್ತೇ. 1976ರಲ್ಲಿ ಕಾಲಮಿತಿ ಕಾಯ್ದೆ ತಿದ್ದಿ ಅರ್ಜಿಯ ಅವಧಿಯನ್ನು 30ರಿಂದ 60 ದಿನಕ್ಕೆ ಏರಿಸಿದರು. ಹಣ ಕಟ್ಟುವ ಅವಧಿ ಹೇಳುವ 92ನೇ ನಿಯಮದಲ್ಲಿ 30 ಹಾಗೇ ಉಳಿಯಿತು. ಅರ್ಜಿಗೆ ಎರಡು ತಿಂಗಳು, ದುಡ್ಡಿಗೆ ಒಂದೇ ತಿಂಗಳು! 1990ರಲ್ಲಿ ಸುಪ್ರೀಂ ಕೋರ್ಟು ಠೇವಣಿಗೆ 30 ದಿನವೇ ಎಂದಿತು. 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. 2002ರಲ್ಲಿ ನಿಯಮಕ್ಕೇ 60 ದಿನ ಸೇರಿತು. ಅಷ್ಟರೊಳಗೆ 31ನೇ ದಿನ ಹಣ ತಂದು ಜಮೀನು ಕಳೆದುಕೊಂಡವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಸಾಲ ಕೊಟ್ಟವರು ಹಲವರಿದ್ದು, ಸಾಲಗಾರನನ್ನು ದಿವಾಳಿ ಎಂದು ಘೋಷಿಸಿದರೆ ದಾರಿ ಬೇರೆ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಜಮೀನು ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವನು) ಕೈಗೆ ಹೋಗುತ್ತದೆ, ಮಾರಿ ಬಂದ ಹಣ ಪಾಲುಪ್ರಕಾರ ಹಂಚಿಕೆಯಾಗುತ್ತದೆ. ಅಡಮಾನ ಹಿಡಿದವನ ಹಕ್ಕು ಮಾತ್ರ ಇದಕ್ಕೆ ಹೊರತು. 2016ರ ದಿವಾಳಿ ಸಂಹಿತೆಯ ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ.