ಸಾಫ್ಟ್‌ವೇರ್ ನಕಲು ತಡೆ: ಹೊರೆ ಯಾರ ಮೇಲೆ?

ಬಿಲ್ಲಿಂಗ್, ದಾಸ್ತಾನು, ಸಂಬಳದ ಲೆಕ್ಕ ಮುಂತಾದ ಸಾಫ್ಟ್‌ವೇರ್ ಬರೆದು ಮಾರುವ ಸಣ್ಣ ಸಂಸ್ಥೆಗಳವರು ಮೊದಲು ಕೇಳುವುದು, ಯಾರಿಂದಲೂ ಒಡೆಯಲಾಗದ ರಕ್ಷಣೆ ಯಾವುದು ಎಂದು. ಗ್ರಾಹಕನ ಕಂಪ್ಯೂಟರಿನಲ್ಲೇ ಪೂರ್ತಿಯಾಗಿ ಓಡುವ ಪ್ರೋಗ್ರಾಮಿಗೆ ಅಂಥದು ಇಲ್ಲ; ಪ್ರೊಸೆಸರ್ ಓದುವ ಆದೇಶಗಳನ್ನು ಆ ಯಂತ್ರದ ಒಡೆಯನೂ ಓದಬಲ್ಲ, ತಿದ್ದಬಲ್ಲ. ಆದ್ದರಿಂದ ಪ್ರತಿಯೊಂದು ವಿಧಾನವೂ ಕದಿಯುವವನಿಗೆ ಎಷ್ಟು ಕೆಲಸ ಹಚ್ಚುತ್ತದೆ, ಹಣ ಕೊಟ್ಟವನಿಗೆ ಎಷ್ಟು ತೊಂದರೆ ಕೊಡುತ್ತದೆ ಎಂಬುದನ್ನಷ್ಟೇ ನಾನು ತೂಗಿ ನೋಡುತ್ತೇನೆ.

ಎಲ್ಲಕ್ಕಿಂತ ಅಗ್ಗದ್ದು ಸೀರಿಯಲ್ ಸಂಖ್ಯೆ. ಅದರ ದೌರ್ಬಲ್ಯವನ್ನು ವಿಂಡೋಸ್ 95 ಚೆನ್ನಾಗಿ ತೋರಿಸಿತು. ಅಂಗಡಿಯಲ್ಲಿ ಮಾರಾಟವಾದ ಪ್ರತಿಗಳ ಸಂಖ್ಯೆಯಲ್ಲಿ ಮೊದಲು ಮೂರು ಅಂಕಿ, ಅನಂತರ ಏಳು ಅಂಕಿ ಇರುತ್ತಿದ್ದವು. ಮೊದಲ ಮೂರರಲ್ಲಿ ನಿಷಿದ್ಧವಾದ ಕೆಲವನ್ನು ಬಿಟ್ಟರೆ, ಕೊನೆಯ ಏಳರ ಮೊತ್ತ 7ರಿಂದ ನಿಶ್ಶೇಷವಾಗಿ ಭಾಗವಾದರೆ ಸಾಕಿತ್ತು. 111-1111111 ಎಂದು ಒತ್ತಿದರೂ ಅದು ಒಪ್ಪಿಕೊಳ್ಳುತ್ತಿತ್ತು. ಪರೀಕ್ಷಿಸುವ ಸೂತ್ರ ಪ್ರೋಗ್ರಾಮಿನೊಳಗೇ ಇದ್ದಾಗ, ಅದನ್ನು ಓದಿಕೊಂಡವನು ಬೇಕಾದಷ್ಟು ಸಂಖ್ಯೆ ಹುಟ್ಟಿಸುವ ಕೀಜೆನ್ ಬರೆದೇ ಬರೆಯುತ್ತಾನೆ.

ಡಿಜಿಟಲ್ ಸಹಿ ಈ ದಾರಿಯನ್ನು ಮುಚ್ಚುತ್ತದೆ. ಗ್ರಾಹಕನ ಹೆಸರು, ಅವಧಿ, ಕಂಪ್ಯೂಟರ್‌ಗಳ ಸಂಖ್ಯೆ ಇರುವ ಲೈಸೆನ್ಸ್ ಫೈಲಿಗೆ ತಯಾರಕರು ತಮ್ಮಲ್ಲೇ ಉಳಿಯುವ ಖಾಸಗಿ ಕೀಲಿಯಿಂದ, ಅಂದರೆ ಗುಟ್ಟಾದ ಒಂದು ದೊಡ್ಡ ಸಂಖ್ಯೆಯಿಂದ, ಸಹಿ ಹಾಕುತ್ತಾರೆ; ಪ್ರೋಗ್ರಾಮಿನಲ್ಲಿರುವ, ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ಆ ಸಹಿಯನ್ನು ಪರಿಶೀಲಿಸಬಲ್ಲದೇ ಹೊರತು ಹೊಸದನ್ನು ಸೃಷ್ಟಿಸಲಾರದು. ಹಾಗಿದ್ದರೂ ಪರಿಶೀಲನೆ ಮುಗಿದ ಮೇಲೆ ಕೋಡ್ ಎಲ್ಲೋ ಒಂದೆಡೆ ಸರಿ, ತಪ್ಪು ಎಂದು ಕವಲೊಡೆಯಲೇಬೇಕು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಅಂಥ ಕವಲಿನ ಬೈಟನ್ನು, ಅಂದರೆ ಆದೇಶವನ್ನು ಸೂಚಿಸುವ ಪುಟ್ಟ ಸಂಖ್ಯೆಯನ್ನು, ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ಬರಹದ 74ರಿಂದ 75ಕ್ಕೆ ಬದಲಿಸಿದರೆ ತೀರ್ಪು ತಲೆಕೆಳಗಾಗುತ್ತದೆ. ಇಷ್ಟಾದರೂ ಸಣ್ಣ ಸಂಸ್ಥೆಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಇದಕ್ಕೆ ಇಂಟರ್ನೆಟ್ ಬೇಡ, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಸೋರಿಹೋದ ಫೈಲಿನಲ್ಲಿ ಅದು ಯಾರಿಗೆ ಕೊಟ್ಟದ್ದೆಂಬ ಹೆಸರೂ ಇರುತ್ತದೆ.

ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುತ್ತಿದ್ದ, ಈಗ ಯುಎಸ್‌ಬಿಯಲ್ಲಿ ಬರುವ ಡಾಂಗಲ್, ಅಂದರೆ ಹಾರ್ಡ್‌ವೇರ್ ಲಾಕ್, ಡಿಟಿಪಿ ಕೆಲಸದವರಿಗೆ ಪರಿಚಿತ. ಹಳೆಯ ಲಾಕ್‌ಗಳು ಪ್ರೋಗ್ರಾಮ್ ಕೇಳಿದ್ದಕ್ಕೆ ಸಿದ್ಧ ಉತ್ತರ ಕೊಡುತ್ತಿದ್ದುದರಿಂದ, ಆ ಉತ್ತರಗಳನ್ನು ಹಿಡಿದಿಟ್ಟು ಲಾಕ್‌ನಂತೆ ನಟಿಸುವ ಎಮ್ಯುಲೇಟರ್‌ಗಳು ಬಂದವು. ಈಗಿನ ಒಳ್ಳೆಯ ಲಾಕ್‌ಗಳಲ್ಲಿ ಸ್ಮಾರ್ಟ್ ಕಾರ್ಡಿನಂಥ ಚಿಪ್ ಇದ್ದು, ಕೀಲಿ ಅದರಿಂದ ಹೊರಬರುವುದಿಲ್ಲ. ಲೆಕ್ಕಾಚಾರದ ಒಂದು ಮುಖ್ಯ ಭಾಗವನ್ನು ಚಿಪ್ಪಿನೊಳಗೇ ನಡೆಸುವಂತೆ ಬರೆದರೆ, ಒಡೆಯಲು ಹೊರಟವನು ಬೈಟ್ ತಿದ್ದಿ ಮುಗಿಸಲಾರ, ಇಲ್ಲದ ಆ ಭಾಗವನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ಆದರೆ ನಾನು ಕಂಡ ಅನೇಕರು ದುಬಾರಿ ಲಾಕ್ ಕೊಂಡು, ಪ್ರೋಗ್ರಾಮ್ ತೆರೆಯುವಾಗ ಲಾಕ್ ಇದೆಯೇ ಎಂದು ಒಂದು ಸಲ ಕೇಳಿ ಸುಮ್ಮನಾಗುತ್ತಾರೆ; ಆಗ ಅದು ಮತ್ತೆ 74, 75ರ ಮಟ್ಟಕ್ಕೇ ಇಳಿಯುತ್ತದೆ. ಲಕ್ಷಗಟ್ಟಲೆ ಬೆಲೆಯ ಎಂಜಿನಿಯರಿಂಗ್ ಸಾಫ್ಟ್‌ವೇರಿಗೆ ಲಾಕ್ ತಕ್ಕುದು. ಕೆಲವೇ ಸಾವಿರದ ಬಿಲ್ಲಿಂಗ್ ಪ್ರೋಗ್ರಾಮಿಗೆ ಲಾಕ್‌ನ ಬೆಲೆ, ಕೊರಿಯರ್ ಖರ್ಚು, ಕಳೆದುಹೋದಾಗಿನ ತಕರಾರು ಸೇರಿ ಲಾಭವನ್ನೇ ನುಂಗುತ್ತವೆ. ಕಂಪ್ಯೂಟರುಗಳಿಂದ ಪ್ರಿಂಟರ್ ಪೋರ್ಟ್ ಮರೆಯಾದಾಗ ಹಳೆಯ ಯಂತ್ರವನ್ನು ಜೋಪಾನ ಮಾಡುವ ಪಾಡು ಬಂದದ್ದು ಹಣ ಕೊಟ್ಟವರಿಗೆ.

2001ರ ವಿಂಡೋಸ್ ಎಕ್ಸ್‌ಪಿಯಿಂದ ಎಲ್ಲರಿಗೂ ಗೊತ್ತಾದ ಆಕ್ಟಿವೇಶನ್, ಲೈಸೆನ್ಸನ್ನು ಯಂತ್ರದ ಬಿಡಿಭಾಗಗಳ ಗುರುತಿಗೆ ಕಟ್ಟುತ್ತದೆ. ನಮ್ಮ ಅಂಗಡಿಗಳಲ್ಲಿ ಕಂಪ್ಯೂಟರ್ ನಿಧಾನವಾದೊಡನೆ ಫಾರ್ಮ್ಯಾಟ್ ಮಾಡಿಸುವುದು, ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ರೂಢಿ. ಒಂದೇ ಭಾಗದ ಗುರುತನ್ನು ನಂಬಿದ ತಯಾರಕರ ಫೋನಿಗೆ ಬಿಡುವಿರುವುದಿಲ್ಲ. ಹಲವು ಗುರುತುಗಳಲ್ಲಿ ಬಹುಪಾಲು ಹೊಂದಿದರೆ ಒಪ್ಪಬೇಕು, ಲೈಸೆನ್ಸ್ ಪರಿಶೀಲಿಸುವ ತಯಾರಕರ ಸರ್ವರ್ ಸಿಗದಿದ್ದರೆ ಕೆಲವು ವಾರವಾದರೂ ಕೆಲಸ ನಡೆಯಗೊಡಬೇಕು. ಸದಾ ಸಂಪರ್ಕದಲ್ಲಿರಲೇಬೇಕೆಂದು ಹಟ ಹಿಡಿದರೆ ಏನಾಗುತ್ತದೆಂಬುದು 2010ರ ಮಾರ್ಚ್‌ನಲ್ಲಿ ಕಂಡಿತು: ಕಂಪ್ಯೂಟರ್ ಆಟಗಳ ಸಂಸ್ಥೆ ಯೂಬಿಸಾಫ್ಟ್‌ನ ಸರ್ವರುಗಳ ಮೇಲೆ ದಾಳಿ ನಡೆದು, ಆಟವನ್ನು ಕೊಂಡವರೇ ಆಡಲಾಗದೆ ಕುಳಿತರು.

ಕೋಡನ್ನು ಗೋಜಲುಗೊಳಿಸುವ ಪ್ಯಾಕರ್‌ಗಳು ಕಾಲವನ್ನಷ್ಟೇ ಗಳಿಸಿಕೊಡುತ್ತವೆ. ಬಿಡುಗಡೆಯ ಮೊದಲ ವಾರಗಳಲ್ಲೇ ಹೆಚ್ಚು ಮಾರಾಟವಾಗುವ ಆಟಗಳಿಗೆ ಅದು ಸಾಕಾಗಬಹುದು. ವೈರಸ್ ಬರೆಯುವವರೂ ಅವನ್ನೇ ಬಳಸುವುದರಿಂದ ಆ್ಯಂಟಿವೈರಸ್ ನಿಮ್ಮ ಪ್ರೋಗ್ರಾಮನ್ನೂ ಅನುಮಾನಿಸಬಹುದು.

ಮೌಲ್ಯದ ಒಂದು ಭಾಗವನ್ನು ಗ್ರಾಹಕನ ಯಂತ್ರಕ್ಕೆ ಕೊಡದೇ ಇರುವುದು ಇವೆಲ್ಲಕ್ಕಿಂತ ಗಟ್ಟಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ನಿಯಮ, ನಮೂನೆಗಳು ಬದಲಾಗುತ್ತಲೇ ಇವೆ. ನವೀಕರಣ ಸಿಗದ ಕದ್ದ ಪ್ರತಿ ವ್ಯಾಪಾರಿಗೆ ಬೇಗನೆ ತಲೆನೋವಾಗುತ್ತದೆ. ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲಾದ ಇ-ಇನ್‌ವಾಯ್ಸಿಗೆ ಹೇಗೂ ಇಂಟರ್ನೆಟ್ ಬೇಕು. ಆ ಕೆಲಸವನ್ನು ನಿಮ್ಮ ಸರ್ವರಿನ ಮೂಲಕ ಹಾಯಿಸಿದರೆ, ಲೈಸೆನ್ಸ್ ಇಲ್ಲದವನಿಗೆ ಬೈಟ್ ತಿದ್ದಿ ಅದನ್ನು ಪಡೆಯುವ ದಾರಿಯಿಲ್ಲ. ದಿನನಿತ್ಯದ ಬಿಲ್ ಮಾತ್ರ ಸಂಪರ್ಕವಿಲ್ಲದೆಯೂ ಬರುವಂತಿರಬೇಕು.

ಕಾನೂನಿನ ಬೆಂಬಲವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ನಕಲಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಒಡೆಯುವುದನ್ನೇ ಅಪರಾಧವಾಗಿಸಿದೆ. ಆದರೆ ಒಂದು ಕಿರಾಣಿ ಅಂಗಡಿಯ ಮೇಲೆ ಮೊಕದ್ದಮೆ ಹೂಡುವ ಖರ್ಚು ಲೈಸೆನ್ಸಿನ ಬೆಲೆಯನ್ನು ಎಂದೋ ಮೀರಿರುತ್ತದೆ. ನಕಲನ್ನೇ ಹಂಚಿ ಮಾರುವವನ ಮೇಲೆ ಕಾನೂನನ್ನು ಬಳಸುವುದು ಲೇಸು.

ಆಕ್ಟಿವೇಶನ್ ಆಯ್ದುಕೊಳ್ಳುವವರು ಒಪ್ಪಂದದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಸಂಸ್ಥೆ ಮುಚ್ಚಿದರೆ, ಇಲ್ಲವೇ ಸರ್ವರ್ ನಿಲ್ಲಿಸಿದರೆ, ತಪಾಸಣೆ ತೆಗೆದ ಕೊನೆಯ ಆವೃತ್ತಿಯನ್ನು ಹಣ ಕೊಟ್ಟ ಎಲ್ಲರಿಗೂ ಕೊಡುವುದಾಗಿ ಬರೆದುಕೊಡಿ. ಆ ಆವೃತ್ತಿಯನ್ನು ಈಗಲೇ ಸಿದ್ಧಪಡಿಸಿ ಪರೀಕ್ಷಿಸಿಡಿ, ಏಕೆಂದರೆ ಬಾಗಿಲು ಹಾಕುವ ಹೊತ್ತಿಗೆ ಅದನ್ನು ಮಾಡಲು ಎಂಜಿನಿಯರುಗಳು ಉಳಿದಿರುವುದಿಲ್ಲ.