‘ಸೌಂಡ್’ ಎಂಬುದು ಒಂದೇ ಕೆಲಸವಲ್ಲ

ಸಿನಿಮಾದಲ್ಲಿ ಕೆಲಸ ಹುಡುಕಿಕೊಂಡು ಊರಿನಿಂದ ಮುಂಬೈಗೆ ಬರುವ ಹುಡುಗರು ಮಾಟುಂಗಾದಲ್ಲಿ ಕಾಫಿಗೆ ಸಿಕ್ಕಾಗ, ‘ಸರ್, ನಿಮ್ಮದು ಸೌಂಡ್ ಅಂತಲ್ಲ, ಹಾಡು ರೆಕಾರ್ಡ್ ಮಾಡೋದಾ?’ ಎಂದು ಕೇಳುತ್ತಾರೆ. ಹಾಡಿಗೂ ನನಗೂ ಸಂಬಂಧವಿಲ್ಲ. ಚಿತ್ರೀಕರಣದ ಹೊತ್ತಿನಲ್ಲಿ ನಟರು ಆಡಿದ ಮಾತನ್ನು ಅಲ್ಲಿಯೇ ಹಿಡಿದಿಡುವುದು ನನ್ನ ಕೆಲಸ. ಹಾಗೆ ಹಿಡಿದ ಧ್ವನಿಗೆ ಸಿಂಕ್ ಸೌಂಡ್ ಎಂದೂ ಹಿಡಿಯುವವನಿಗೆ ಲೊಕೇಶನ್ ಸೌಂಡ್ ರೆಕಾರ್ಡಿಸ್ಟ್ ಎಂದೂ ಹೆಸರು. ಆಮೇಲೆ ಹೆಜ್ಜೆ ಸಪ್ಪಳದಿಂದ ಹಿಡಿದು ಮಳೆಯವರೆಗೆ ಚಿತ್ರದ ಶಬ್ದಗಳನ್ನೆಲ್ಲ ಯೋಜಿಸಿ ಜೋಡಿಸುವವನು ಸೌಂಡ್ ಡಿಸೈನರ್. ಮಾತು, ಸಂಗೀತ, ಶಬ್ದ ಮೂರನ್ನೂ ಚಿತ್ರಮಂದಿರಕ್ಕೆ ಹೊಂದುವ ಹದದಲ್ಲಿ ಬೆರೆಸುವವನು ರೀರೆಕಾರ್ಡಿಂಗ್ ಮಿಕ್ಸರ್. ರಾಷ್ಟ್ರಪ್ರಶಸ್ತಿಯಲ್ಲಿಯೂ 2009ನೇ ಸಾಲಿನಿಂದ ಹಲವು ವರ್ಷ ಈ ಮೂರಕ್ಕೂ ಪ್ರತ್ಯೇಕ ಪುರಸ್ಕಾರಗಳಿದ್ದವು.

ಇನ್ನು ‘ಡಬ್ಬಿಂಗ್’. ಈ ಪದ ಕೇಳಿದೊಡನೆ ಕನ್ನಡಿಗರಿಗೆ ಪರಭಾಷಾ ಚಿತ್ರಗಳ ಹಳೆಯ ಜಗಳ ನೆನಪಾಗುತ್ತದೆ. ಆದರೆ ನಟ ತನ್ನ ಮಾತನ್ನೇ ಸ್ಟುಡಿಯೋದಲ್ಲಿ, ಪರದೆಯ ಮೇಲಿನ ತನ್ನ ತುಟಿಯನ್ನು ನೋಡುತ್ತ, ಮತ್ತೊಮ್ಮೆ ಆಡುವುದೂ ಡಬ್ಬಿಂಗೇ. ಕ್ಯಾಮೆರಾಗಳೇ ಗರಗರ ಸದ್ದು ಮಾಡುತ್ತಿದ್ದ ಕಾಲದಲ್ಲಿ ಇಡೀ ಚಿತ್ರದ ಮಾತುಗಳನ್ನು ಹೀಗೆಯೇ ತುಂಬುತ್ತಿದ್ದರು. ಸ್ಥಳದಲ್ಲಿ ಮುದ್ರಿಸಿದ್ದು ಬರಿಯ ಗುರುತಿಗಾಗಿ ಇಟ್ಟುಕೊಳ್ಳುವ ‘ಪೈಲಟ್ ಟ್ರ್ಯಾಕ್’ ಆಗಿರುತ್ತಿತ್ತು. ಹಾಗೆಂದು ಸಿಂಕ್ ಸೌಂಡ್ ಹೊಸದೇನಲ್ಲ. ಭಾರತದ ಮೊದಲ ಮಾತಿನ ಚಿತ್ರ, 1931ರ ‘ಆಲಂ ಆರಾ’ದ ಮಾತುಗಳನ್ನು ಸ್ಥಳದಲ್ಲಿಯೇ ಮುದ್ರಿಸಿದ್ದರು, ಸ್ಟುಡಿಯೋ ಪಕ್ಕದ ರೈಲುಗಳ ಗದ್ದಲ ತಪ್ಪಿಸಲು ರಾತ್ರಿ ಹೊತ್ತು ಚಿತ್ರೀಕರಿಸಿದ್ದರು. ಅಂದು ರೈಲಾದರೆ ಇಂದು ವಿಮಾನ. ಗೋರೆಗಾಂವ್‌ನ ಚಿತ್ರನಗರಿಗೆ ಒಂದು ಮಗ್ಗುಲಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ತಲೆಯ ಮೇಲೆ ವಿಮಾನಗಳ ಓಡಾಟ. ನ್ಯಾಯಾಲಯದ ದೃಶ್ಯದ ನಡುವೆ ನವಿಲು ಕೂಗಿದರೆ ಅದರ ಮೇಲೆ ಯಾರ ಅಧಿಕಾರವೂ ನಡೆಯುವುದಿಲ್ಲ.

ಕ್ಲ್ಯಾಪ್ ಹೊಡೆಯುವುದನ್ನು ಶಾಸ್ತ್ರವೆಂದು ತಿಳಿದವರಿದ್ದಾರೆ. ಚಿತ್ರವೂ ಧ್ವನಿಯೂ ಬೇರೆ ಬೇರೆ ಯಂತ್ರಗಳಲ್ಲಿ ದಾಖಲಾಗುವುದರಿಂದ, ಹಲಗೆಗಳು ಕೂಡಿದ ಫ್ರೇಮನ್ನೂ ಆ ‘ಟಕ್’ ಸದ್ದನ್ನೂ ಒಂದಕ್ಕೊಂದು ತಾಳೆ ಹಾಕಿ ಸಂಕಲನಕಾರ ಎರಡನ್ನೂ ಕೂಡಿಸುತ್ತಾನೆ. ಸೆಕೆಂಡಿಗೆ 24 ಫ್ರೇಮುಗಳಿರುವಾಗ ಎರಡು ಮೂರು ಫ್ರೇಮು ಜಾರಿದರೂ ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದ್ದು ಪ್ರೇಕ್ಷಕನಿಗೆ ತಿಳಿದುಬಿಡುತ್ತದೆ. ಶಾಟ್‌ನ ಆರಂಭದಲ್ಲಿ ಹೊಡೆಯಲಾಗದಿದ್ದರೆ ಕೊನೆಯಲ್ಲಿ ಹಲಗೆಯನ್ನು ತಲೆಕೆಳಗಾಗಿ ಹಿಡಿದು ಹೊಡೆಯುತ್ತಾರೆ.

ನಮ್ಮ ಕೆಲಸದ ಅರ್ಧ ಭಾಗ ಬೇಡಿಕೊಳ್ಳುವುದರಲ್ಲಿಯೇ ಕಳೆಯುತ್ತದೆ. ಜನರೇಟರ್ ದೂರ ನಿಲ್ಲಿಸಿ, ಎ.ಸಿ. ಆರಿಸಿ ಎನ್ನಬೇಕು, ಗರಿಗರಿ ಸೀರೆಯೊಳಗೆ ಅಡಗಿಸಿದ ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಬಟ್ಟೆಯ ಸರಸರ ಸದ್ದನ್ನೇ ಹಿಡಿಯುವುದರಿಂದ ವಸ್ತ್ರ ವಿಭಾಗದ ‘ಡ್ರೆಸ್ ದಾದಾ’ನ ಸ್ನೇಹವನ್ನೂ ಕಾಪಾಡಿಕೊಳ್ಳಬೇಕು. ಇದೆಲ್ಲಕ್ಕೂ ಸೆಟ್ಟಿನಲ್ಲಿ ಸಿದ್ಧವಾಗಿರುವ ಉತ್ತರ, ‘ಡಬ್ಬಿಂಗ್ ಮೇ ದೇಖ್ ಲೇಂಗೇ’, ಡಬ್ಬಿಂಗ್‌ನಲ್ಲಿ ನೋಡಿಕೊಳ್ಳೋಣ ಎಂದು. ಒಂದು ಸಂಸ್ಥೆಯ ಚಿತ್ರದಲ್ಲಿ ಊಟದ ಹೊತ್ತಾಯಿತೆಂದು ನನಗೆ ರೂಮ್ ಟೋನ್ ತೆಗೆದುಕೊಳ್ಳಲು ಬಿಡಲಿಲ್ಲ. ರೂಮ್ ಟೋನ್ ಎಂದರೆ, ಎಲ್ಲರೂ ಬಾಯಿ ಮುಚ್ಚಿ ನಿಂತಾಗ ಆ ಕೋಣೆಯಲ್ಲಿ ಉಳಿಯುವ ಸದ್ದು. ಅರ್ಧ ಅಥವಾ ಒಂದು ನಿಮಿಷ ಸಾಕು. ಅದಿಲ್ಲದೆ ಸಂಕಲನದಲ್ಲಿ ಮಾತಿನಿಂದ ಮಾತಿಗೆ ಹಾರುವಾಗ ನಡುವಿನ ಮೌನ ತೂತುಬಿದ್ದಂತೆ ಕೇಳತೊಡಗಿ, ಕಡೆಗೆ ಇಡೀ ದೃಶ್ಯವನ್ನು ಡಬ್ಬಿಂಗ್ ಮಾಡಬೇಕಾಯಿತು. ನಟಿಯ ಮಾತು ಸ್ಪಷ್ಟವಾಗಿಯೇ ಬಂತು, ಆದರೆ ಆ ದಿನ ಅವರ ದನಿಯಲ್ಲಿದ್ದ ನಡುಕ ಮರಳಿ ಬರಲಿಲ್ಲ.

ಪುಣೆಯ ಸಿನಿಮಾ ಶಿಕ್ಷಣ ಸಂಸ್ಥೆ ಎಫ್‌ಟಿಐಐಯಲ್ಲಿ ಧ್ವನಿಗೆಂದೇ ಶಿಕ್ಷಣವಿದೆ. ಅಲ್ಲಿಗೆ ಹೋಗಲಾಗದವರಿಗೆ ನಾನು ತೋರಿಸುವ ಬಾಗಿಲು ಬೂಮ್ ಆಪರೇಟರನ ಕೆಲಸ. ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು ತಲೆಯ ಮೇಲೆ ಹಿಡಿದು ನಿಲ್ಲುವುದು ಕೂಲಿಯಂತೆ ಕಾಣುತ್ತದೆ. ಆದರೆ ಯಾವ ಲೆನ್ಸ್ ಹಾಕಿದ್ದಾರೆ, ಚೌಕಟ್ಟಿನ ಅಂಚು ಎಲ್ಲಿದೆ, ಬೂಮಿನ ನೆರಳು ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು, ಮುಂದಿನ ಮಾತು ಯಾರದೆಂದು ತಿಳಿದು ಅವರು ಬಾಯಿ ತೆರೆಯುವ ಮೊದಲೇ ಮೈಕ್ ಅತ್ತ ತಿರುಗಿರಬೇಕು. ಹೋದ ವಾರ ನನ್ನ ಜೊತೆ ಸೆಟ್ಟಿಗೆ ಬಂದ ಧಾರವಾಡದ ಹುಡುಗನಿಗೆ ಮೈಕ್ ಕೊಡುವ ಮೊದಲು, ಕಿರ್ ಕಿರ್ ಎನ್ನುತ್ತಿದ್ದ ಅವನ ಹೊಸ ಬೂಟನ್ನು ಬಿಚ್ಚಿಸಿ ಕಾಲುಚೀಲದಲ್ಲಿ ನಿಲ್ಲಿಸಿದೆ.