ಕ್ಯಾಮೆರಾಗೆ ಅಂಜಿ ಕಟ್ಟಿದ ಸ್ಟೇಡಿಯಂ

2010ರ ಜನವರಿಯಲ್ಲಿ ಅಂಗೋಲಾದ ಕಬಿಂಡಾದಲ್ಲಿ ಟೋಗೋ ಫುಟ್‌ಬಾಲ್ ತಂಡದ ಬಸ್ಸಿನ ಮೇಲೆ ಗುಂಡು ಹಾರಿತು. ಯುರೋಪಿನ ಪತ್ರಿಕೆಗಳು ಕೂಡಲೇ ಕೇಳಿದ್ದು: ಜೂನ್‌ನ ವಿಶ್ವಕಪ್‌ಗೆ ದಕ್ಷಿಣ ಆಫ್ರಿಕಾಕ್ಕೆ ಹೋಗುವುದು ಕ್ಷೇಮವೇ? ಕಬಿಂಡಾದಿಂದ ಜೊಹಾನ್ಸ್‌ಬರ್ಗ್ ಎರಡೂವರೆ ಸಾವಿರ ಕಿ.ಮೀ.ಗೂ ದೂರ. ಕೇಳಿದವರಿಗೆ ಮಾತ್ರ ಆಫ್ರಿಕಾ ಎಂದರೆ ಒಂದೇ ಊರು. ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ಉಗ್ರ ನಾಯಕ ಯುಜೀನ್ ಟೆರ್‌ಬ್ಲಾಂಶ್ ಕೊಲೆಯಾದಾಗ ಬ್ರಿಟನ್ನಿನ ಟ್ಯಾಬ್ಲಾಯ್ಡ್‌ಗಳಲ್ಲಿ ಮಚ್ಚು, ಜನಾಂಗ ಯುದ್ಧದ ಸುದ್ದಿ.

ತಮಾಷೆಯೆಂದರೆ, ಹಿಂದಿನ ವರ್ಷವಷ್ಟೇ ಚುನಾವಣೆಯ ನಡುವೆ ಭದ್ರತೆ ಸಾಲದೆ ನಮ್ಮ ಐಪಿಎಲ್ ಅದೇ ದೇಶಕ್ಕೆ ಹೋಗಿ ಆಡಿ ಬಂದಿತ್ತು. ಕುಂಬ್ಳೆಯ ಆರ್‌ಸಿಬಿ ಫೈನಲ್‌ನಲ್ಲಿ 6 ರನ್‌ನಿಂದ ಸೋತದ್ದು ಜೊಹಾನ್ಸ್‌ಬರ್ಗ್‌ನಲ್ಲೇ.

ಈ ಅನುಮಾನ ಹಳೆಯದು. 2000ದಲ್ಲಿ ಜರ್ಮನಿ ಎದುರು ಒಂದೇ ಮತದಿಂದ 2006ರ ವಿಶ್ವಕಪ್‌ನ ಆತಿಥ್ಯ ತಪ್ಪಿತ್ತು. 2004ರಲ್ಲಿ 2010ರದ್ದು ಸಿಕ್ಕಿತು, ವಿಶ್ವಕಪ್ ಟ್ರೋಫಿಯನ್ನು ಮಂಡೇಲಾ ಎತ್ತಿ ಹಿಡಿದರು. ಅಲ್ಲಿಂದಾಚೆಗೆ ದೇಶ ತಾನು ಹೇಗೆ ಕಾಣಬೇಕೆಂಬ ಚಿಂತೆಗೆ ಬಿತ್ತು. ಹಣ ಹರಿದದ್ದೂ ಆ ದಿಕ್ಕಿಗೇ ಎನ್ನುವುದು ನನ್ನ ಅನಿಸಿಕೆ.

ಕೇಪ್‌ಟೌನ್ ನೋಡಿ. ನಗರ ಮೊದಲು ಯೋಚಿಸಿದ್ದು ಅಥ್ಲೋನ್‌ನ ಹಳೆಯ ಮೈದಾನವನ್ನು. ಅದು ಇರುವುದು ವರ್ಣಭೇದದ ಕಾಲದಲ್ಲಿ ಬಿಳಿಯರಲ್ಲದವರನ್ನು ತಳ್ಳಿದ್ದ ಬಯಲಿನಲ್ಲಿ. ಅಲ್ಲಿ ಹಣ ಸುರಿದಿದ್ದರೆ ಬಡಾವಣೆಗೂ ಏನಾದರೂ ದಕ್ಕುತ್ತಿತ್ತು. ಫಿಫಾಗೆ ಹಿಡಿಸಿದ್ದು ಸಮುದ್ರ ಮತ್ತು ಟೇಬಲ್ ಮೌಂಟನ್ ಎರಡೂ ಟೀವಿಯಲ್ಲಿ ಕಾಣುವ, ಉಳ್ಳವರ ಗ್ರೀನ್ ಪಾಯಿಂಟ್. ಸುಮಾರು 450 ಕೋಟಿ ರಾಂಡ್ ಅಲ್ಲಿನ ಹೊಸ ಸ್ಟೇಡಿಯಂಗೆ ಹೋಯಿತು. ಅದೇ ಹೊತ್ತಿಗೆ ಊರಾಚೆ ಡೆಲ್ಫ್ಟ್‌ನಲ್ಲಿ ತಗಡಿನ ಸಾಲುಮನೆಗಳು ಎದ್ದವು, ಒಂದೊಂದೂ 18 ಚದರ ಮೀಟರ್. ಜನ ಇಟ್ಟ ಹೆಸರು ಬ್ಲಿಕಿಸ್‌ಡಾರ್ಪ್, ಅಂದರೆ ಡಬ್ಬಿ ಊರು. ವಿಶ್ವಕಪ್‌ಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ನಗರಾಡಳಿತ. ಕಣ್ಣಿಗೆ ಬೀಳದಿರಲೆಂದು ನಮ್ಮನ್ನು ಗುಡಿಸಿ ಇಲ್ಲಿ ಹಾಕಿದರು ಎಂದರು ನಿವಾಸಿಗಳು.

ವಿಶ್ವಕಪ್‌ಗೆಂದು ನೆಲ್‌ಸ್ಪ್ರೂಟ್ ಊರಿನಲ್ಲಿ ಕಟ್ಟಿದ ಸ್ಟೇಡಿಯಂ ಕತೆ ಇನ್ನೂ ವಿಚಿತ್ರ. ಪರದೇಶಿಯ ಮನಸ್ಸಿನಲ್ಲಿರುವ ಆಫ್ರಿಕಾವನ್ನೇ ಅಲ್ಲಿ ಕಾಂಕ್ರೀಟಿನಲ್ಲಿ ಎರಕ ಹೊಯ್ದರು: ಜಿರಾಫೆ ಆಕಾರದ 18 ಕಂಬ, ಜೀಬ್ರಾ ಪಟ್ಟೆಯ ಆಸನಗಳು. ಅದಕ್ಕಾಗಿ ಶಾಲೆ ಬಿಟ್ಟುಕೊಟ್ಟ ಮಕ್ಕಳು ತಾತ್ಕಾಲಿಕ ಡಬ್ಬಿಕೋಣೆಗಳಲ್ಲಿ ಬೆಂದು, ಬೀದಿಗಿಳಿದರು. ಗುತ್ತಿಗೆಯ ಅಕ್ರಮ ಎತ್ತಿದ ಪುರಸಭೆಯ ಸ್ಪೀಕರ್ ಜಿಮ್ಮಿ ಮೊಹ್ಲಾಲಾ 2009ರ ಜನವರಿಯಲ್ಲಿ ಮನೆಯಲ್ಲೇ ಗುಂಡಿಗೆ ಬಲಿಯಾದರು. ಮಚ್ಚಿನ ಸುದ್ದಿಗೆ ಸಿಕ್ಕಷ್ಟು ಜಾಗ ಹೊರಗಿನ ಪತ್ರಿಕೆಗಳಲ್ಲಿ ಇದಕ್ಕೆ ಸಿಗಲಿಲ್ಲ.

ಟೂರ್ನಿಯೇನೋ ಸುಸೂತ್ರವಾಗಿ ಮುಗಿಯಿತು. ಮೂರು ತಿಂಗಳಿಗೇ, ಗ್ರೀನ್ ಪಾಯಿಂಟ್ ಸ್ಟೇಡಿಯಂ ನಡೆಸಬೇಕಿದ್ದ ಕಂಪನಿ ನಷ್ಟವೆಂದು ಕೈತೊಳೆದುಕೊಂಡಿತು. ಹೊರೆ ನಗರದ ತೆರಿಗೆದಾರರ ತಲೆಗೆ ಬಂತು. ‘ತಾತ್ಕಾಲಿಕ’ ಡಬ್ಬಿ ಊರಿನಲ್ಲಿ ಹತ್ತು ವರ್ಷದ ಮೇಲೂ ಜನ ವಾಸವಿದ್ದರು.